ನಂಜಿಯಮ್ಮನಿಗೆ ಶ್ರುತಿ ಕೇಳಿದವರು

ನಮ್ಮ ತುಡಿಯಲೂರಿನಿಂದ ತಡಾಗಂ ದಾರಿ ಹಿಡಿದು ಆನೆಕಟ್ಟಿ ದಾಟಿದರೆ ಅಟ್ಟಪ್ಪಾಡಿ. ನಂಜಿಯಮ್ಮ ಅಲ್ಲಿನ ಇರುಳರ ಹೆಂಗಸು. ಆಡು, ದನ ಮೇಯಿಸಿಕೊಂಡು ಹಾಡುತ್ತಿದ್ದವರು. 2020ರಲ್ಲಿ ಬಂದ ‘ಅಯ್ಯಪ್ಪನುಂ ಕೋಶಿಯುಂ’ ಮಲಯಾಳಂ ಪಿಚ್ಚರಿಗೆ ಒಂದು ಹಾಡು ಹಾಡಿದರು, ಮಾತೂ ಅವರದೇ. 2022ರಲ್ಲಿ ಅದಕ್ಕೆ ಒಳ್ಳೆಯ ಗಾಯಕಿ ಎಂದು ರಾಷ್ಟ್ರಪ್ರಶಸ್ತಿ ಬಂತು. ಆಗ ಒಬ್ಬ ಸಂಗೀತಗಾರರು ತಕರಾರು ಎತ್ತಿದರು. ಸಂಗೀತಕ್ಕೇ ಜೀವ ಸವೆಸಿದವರಿಗೆ ಇದು ಅವಮಾನವಲ್ಲವೇ, ಶ್ರುತಿ ಕೊಟ್ಟು ಬೇರೆ ಹಾಡು ಹೇಳು ಅಂದರೆ ಈಕೆ ಹೇಳಿಯಾರೇ ಎಂಬ ಅರ್ಥದ ಮಾತು. ಹೆಸರುವಾಸಿ ಗಾಯಕರೇ ಕೆಲವರು ನಂಜಿಯಮ್ಮನ ಪರ ನಿಂತರು ಅನ್ನಿ.

ಹಾಡನ್ನೇ ಕೇಳಿ ನೋಡೋಣ. ಗಂಧದ ಮರ ಹೂ ಬಿಟ್ಟಿದೆ, ಕೀಳೋಕೆ ಹೋಗೋಣವಾ, ವಿಮಾನ ನೋಡೋಣವಾ ಅಂತ ಕೇಳುತ್ತದೆ. ಕಾಡಿನ ಹಾಡಿನೊಳಗೆ ವಿಮಾನ! ಅಜ್ಜಿಯಿಂದ ಬಂದದ್ದನ್ನ ಹಾಗೇ ಒಪ್ಪಿಸಿದ್ದಲ್ಲ ಇದು, ಕಂಡದ್ದನ್ನ ಕಟ್ಟಿ ಸೇರಿಸಿದ್ದು. ಕೊರಳು ಎಲ್ಲೂ ಸಿಂಗಾರಕ್ಕೆ ನಿಲ್ಲುವುದಿಲ್ಲ, ಮಗುವಿನ ಹತ್ತಿರ ಮಾತಾಡಿದಂಗೆ ಹೋಗುತ್ತದೆ. ಹಂಗೆ ಹಾಡೋದು ಸುಲಭ ಅಂದುಕೊಂಡವರು ಒಂದು ಸಲ ಹಾಡಿ ನೋಡಲಿ.

ಕಲಿಯದೆ ಬಂದದ್ದು ಅನ್ನುತ್ತಾರಲ್ಲ, ಅದು ನನಗೆ ಹಿಡಿಸೋದಿಲ್ಲ. ಜೋಳದ ಕಳೆ ಕೀಳುವಾಗ ಅವ್ವನ ಹಿಂದೆ ನಾನು ಹಾಡು ಕಲಿತೆ. ಉಸಿರು ಎಲ್ಲಿ ಬಿಡಬೇಕು, ಹಿಂದಿನವರು ಎಲ್ಲಿ ಎತ್ತಿಕೊಳ್ಳಬೇಕು, ಕುಣಿಯೋ ಕಾಲಿಗೆ ಮಾತು ಹೆಂಗೆ ಕೂಡಬೇಕು, ಇದಕ್ಕೆಲ್ಲ ವರ್ಷಗಟ್ಟಲೆ ಬೈಸಿಕೊಂಡಿದ್ದೀನಿ. ಇರುಳರಿಗೆ ಪೊರೆ ಇದೆ, ಕೊಗಲ್ ಇದೆ, ತವಿಲ್ ಇದೆ. ಅವರ ಶ್ರುತಿ ಅದರೊಳಗಿದೆ. ತಂಬೂರಿಯಲ್ಲಿ ಇಲ್ಲ ಅಂದರೆ ಶ್ರುತಿಯೇ ಇಲ್ಲ ಅಂದಂಗಾ?

ಹೊಗಳಿದವರಲ್ಲೂ ಸುಮಾರು ಮಂದಿ ಅಮಾಯಕಿ, ನಿಷ್ಕಲ್ಮಶ ನಗು, ಕಾಡಿನ ಹಕ್ಕಿ ಅಂದರು. ಇದೂ ಅದೇ ಜಾತಿಯ ಮಾತು. ಹಕ್ಕಿಗೆ ಯಾರು ಕೂಲಿ ಕೊಡುತ್ತಾರೆ? ಬಿಳಿಯರ ದೇಶಗಳಲ್ಲಿ ಮೈಬಣ್ಣ ನೋಡಿ ಕಲಾವಿದರನ್ನ ದೂರ ಇಡುತ್ತಾರೆ ಅಂತ ಓದಿದ್ದೀನಿ. ಇಲ್ಲಿ ಬಣ್ಣದ ಜೊತೆಗೆ ಯಾವ ಹಟ್ಟಿ ಅಂತಲೂ ಕೇಳುತ್ತಾರೆ. ಕಲಿತವರು ಅನ್ನಿಸಿಕೊಂಡವರಿಗೆ ಸಂಭಾವನೆ, ಶಾಲು, ಕಾರು. ನಮಗೆ ಬಸ್ ಚಾರ್ಜು. ಒಂದು ನೋಂಬಿಯಲ್ಲಿ ಇಡೀ ರಾತ್ರಿ ಹಾಡಿದೆವು. ಮೈಕ್‌ಸೆಟ್ಟಿನವನಿಗೆ ಮುಂಗಡವಾಗಿಯೇ ದುಡ್ಡು ಕೊಟ್ಟಿದ್ದರು; ನಮ್ಮದನ್ನ ಮೂರು ತಿಂಗಳು ಎಳೆದರು, ಅದರಲ್ಲೂ ನಡುವಿನವನು ಕಿತ್ತುಕೊಂಡ. ತಮಟೆಯವರಿಗೆ ಊಟ ಹಾಕಿದ್ದು ಪಂದಲಿನ ಹಿಂದೆ, ನಮ್ಮ ಎಲೆಯಿಂದ ಬೇರೆ.

ಈ ಪಿಚ್ಚರಿನಲ್ಲಿ ಒಂದು ಕೆಲಸ ಸರಿಯಾಗಿದೆ. ಹಾಡಿದವರು ನಂಜಿಯಮ್ಮ, ಬರೆದವರೂ ನಂಜಿಯಮ್ಮ ಅಂತ ಲೋಕಕ್ಕೆ ಗೊತ್ತು. ನಮ್ಮ ಕಡೆಯ ಕ್ಯಾಸೆಟ್ಟುಗಳನ್ನ ತೆಗೆದು ನೋಡಿ. ಸಂಗೀತ ಜೋಡಿಸಿದವರ ಹೆಸರು ದಪ್ಪ ಅಕ್ಷರದಲ್ಲಿ, ಹಾಡು ಕಟ್ಟಿದವರ ಜಾಗದಲ್ಲಿ ಬರೀ ‘ಜನಪದ’.