ಹಳೆಯ ದಾರಿ, ಇಂದಿನ ಹೆಜ್ಜೆ

ಸ್ಪೇನಿನ ಸೇನಾಧಿಕಾರಿ ಹುವಾನ್ ಬೌತಿಸ್ತಾ ದೆ ಆನ್ಸಾ 1775ರ ಅಕ್ಟೋಬರ್‌ನಲ್ಲಿ, ಇಂದಿನ ಅರಿಜೋನಾದ ಟುಬಾಕ್ ಎಂಬ ಪ್ರೆಸಿಡಿಯೊದಿಂದ, ಅಂದರೆ ಗಡಿ ಕಾಯುವ ಸೇನಾ ಠಾಣೆಯಿಂದ, 240ಕ್ಕೂ ಹೆಚ್ಚು ಜನರನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾದತ್ತ ಸಾಗಿದ ದಾರಿಯನ್ನು ಅಮೆರಿಕ 1990ರಲ್ಲಿ ರಾಷ್ಟ್ರೀಯ ಐತಿಹಾಸಿಕ ಪಥವೆಂದು ಘೋಷಿಸಿತು. ನೊಗಾಲೆಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಸುಮಾರು 1,900 ಕಿಲೋಮೀಟರ್ ಉದ್ದದ ಈ ಪಥದ ಹಿರಿಮೆ ಅದನ್ನು ಕಟ್ಟುತ್ತಿರುವ ಕ್ರಮದಲ್ಲಿದೆ. ಮೂಲ ದಾರಿಯ ಬಹುಭಾಗ ಹೆದ್ದಾರಿ, ಹೊಲ, ನಗರಗಳ ಅಡಿಯಲ್ಲಿ ಮರೆಯಾಗಿರುವುದರಿಂದ, ಅದರ ಸಮೀಪದಲ್ಲಿ ಸ್ಥಳೀಯ ಆಡಳಿತಗಳು ನಿರ್ವಹಿಸುವ ಕಾಲುದಾರಿಗಳನ್ನೂ ಸೈಕಲ್ ಹಾದಿಗಳನ್ನೂ ಗುರುತಿಸಿ, ಮರುನಡಿಗೆಯ ಪಥ ಎಂಬ ಮನ್ನಣೆಯೊಂದಿಗೆ ಒಂದಕ್ಕೊಂದು ಜೋಡಿಸಲಾಗುತ್ತಿದೆ. ಟುಬಾಕ್ ಮತ್ತು ತುಮಕಾಕೊರಿ ಎಂಬ ಕ್ರೈಸ್ತ ಮಿಷನ್ ನಡುವೆ ಸಾಂತಾ ಕ್ರೂಸ್ ನದಿಯ ಮರಗಳ ನೆರಳಿನಲ್ಲಿ ಸಾಗುವ ಕಾಲುದಾರಿ ಇದರ ಸುಂದರ ನಿದರ್ಶನವಾಗಿದ್ದು, ಅಲ್ಲಿ ಬೆಳಗಿನ ವಾಯುವಿಹಾರವೇ ಚರಿತ್ರೆಯ ಓದಾಗುತ್ತದೆ. ಆದರೆ ಈ ದಾರಿ ಆನ್ಸಾನದಷ್ಟೇ ಅಲ್ಲ. ಕೊಲರಾಡೊ ನದಿ ದಾಟಲು ಅವನಿಗೆ ನೆರವಾದ ಕ್ವೆಚಾನ್ ಜನರೇ ವಸಾಹತಿನ ಒತ್ತಡಕ್ಕೆ ಬೇಸತ್ತು 1781ರಲ್ಲಿ ದಂಗೆಯೆದ್ದು ಈ ದಾರಿಯನ್ನು ಮುಚ್ಚಿದರು. ಆ ಮೂಲನಿವಾಸಿಗಳ ನೆನಪನ್ನೂ ಹೊತ್ತು ಸಾಗಿದಾಗ ಮಾತ್ರ ಈ ಜೋಡಣೆ ಪೂರ್ಣವಾಗುತ್ತದೆ.