ಅಲಮೇಲುವಿನ ಲೆಕ್ಕ

ದೋಹಾದ ಬೇಸಿಗೆಯಲ್ಲಿ ಶುಕ್ರವಾರ ಸಂಜೆಯವರೆಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಕಳೆದ ಜುಲೈನ ಅಂಥದೊಂದು ಶುಕ್ರವಾರ ನಜ್ಮಾದಲ್ಲಿರುವ ಗೆಳೆಯನ ಮನೆಯಲ್ಲಿ ನಾವು ನಾಲ್ಕು ಸಂಸಾರ ಸೇರಿ, ಬಿಸಿಬೇಳೆಬಾತ್ ಉಂಡು, ಎ.ಸಿ. ಹಾಕಿಕೊಂಡು ‘ನಾಗರಹಾವು’ ನೋಡಿದೆವು. ಚಿತ್ರ ಮುಗಿದದ್ದೇ ಗಂಡಸರೆಲ್ಲ ವಾದಕ್ಕೆ ಬಿದ್ದೆವು: ತಪ್ಪು ಚಾಮಯ್ಯ ಮೇಷ್ಟ್ರದ್ದೋ, ರಾಮಾಚಾರಿಯದ್ದೋ? ಕಾಫಿ ತಂದ ಗೆಳೆಯನ ಹೆಂಡತಿ, “ಅದೆಲ್ಲ ಇರ್ಲಿ, ಆ ಅಲಮೇಲು ಆಮೇಲೆ ಏನಾದ್ಲು?” ಅಂದರು. ಯಾರ ಬಳಿಯೂ ಉತ್ತರವಿರಲಿಲ್ಲ.

ನಾನು ದಾವಣಗೆರೆಯವನು. ಚಿತ್ರದುರ್ಗ ನಮಗೆ ನೆರೆಯೂರು. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆಗೆದ ಈ ಚಿತ್ರವನ್ನು ಐದಾರು ಸಲವಾದರೂ ನೋಡಿದ್ದೇನೆ. ಅಷ್ಟು ಸಲ ನೋಡಿಯೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಅದೇ ಈ ಬರಹಕ್ಕೆ ಕಾರಣ.

ಕತೆ ನಿಮಗೆ ಗೊತ್ತು. ಜಲೀಲನ ಕಾಟದಿಂದ ತಂಗಿಯನ್ನು ಬಿಡಿಸಿಕೊಡು ಎಂದು ವರದ ಗೆಳೆಯ ರಾಮಾಚಾರಿಯನ್ನು ಕೇಳುತ್ತಾನೆ. ತಂಗಿಯನ್ನು ನಿನಗೇ ಕೊಡುತ್ತೇನೆ ಎಂದು ಮಾತನ್ನೂ ಕೊಡುತ್ತಾನೆ. ಕೆಲಸ ಆದ ಮೇಲೆ ಆ ಮಾತು ನೀರಿನ ಮೇಲಿನ ಬರಹ. ಅಷ್ಟರಲ್ಲಿ ರಾಮಾಚಾರಿ, ಅಲಮೇಲು ಒಬ್ಬರನ್ನೊಬ್ಬರು ಮೆಚ್ಚಿರುತ್ತಾರೆ. ಯಾರ ಮಾತಿಗೂ ಬಗ್ಗದ ರಾಮಾಚಾರಿಯನ್ನು ಬಗ್ಗಿಸಬಲ್ಲವರು ಒಬ್ಬರೇ, ಚಾಮಯ್ಯ ಮೇಷ್ಟ್ರು. ಅವರು ತ್ಯಾಗದ ಮಾತಾಡುತ್ತಾರೆ, ಶಿಷ್ಯ ಒಪ್ಪುತ್ತಾನೆ. ಅಲಮೇಲುವಿಗೆ ಬೇರೆ ಕಡೆ ಮದುವೆಯಾಗುತ್ತದೆ. ಮುಂದೊಂದು ದಿನ ದೊಡ್ಡ ಹೋಟೆಲೊಂದರಲ್ಲಿ ಅವಳು ರಾಮಾಚಾರಿಯ ಕಣ್ಣಿಗೆ ಬೀಳುತ್ತಾಳೆ. ಕಟ್ಟಿಕೊಂಡ ಗಂಡನೇ ಅವಳನ್ನು ಮೈ ಮಾರುವ ದಂಧೆಗೆ ತಳ್ಳಿರುತ್ತಾನೆ.

ಇಲ್ಲಿ ದ್ರೋಹ ಮಾಡಿದವರು ಯಾರು? ವರದನದ್ದು ಕಣ್ಣಿಗೆ ಕಾಣುವ ದ್ರೋಹ. ಮಾತು ಕೊಟ್ಟ, ತಪ್ಪಿದ. ಗಂಡನದ್ದು ಪಾಪ, ಅದಕ್ಕೆ ಚರ್ಚೆ ಬೇಕಿಲ್ಲ. ಕಷ್ಟವಿರುವುದು ಮೇಷ್ಟ್ರ ವಿಷಯದಲ್ಲಿ. ಅವರಿಗೆ ಲಾಭದ ಆಸೆಯಿಲ್ಲ, ಸುಳ್ಳು ಹೇಳಿಲ್ಲ, ಶಿಷ್ಯನ ಮೇಲಿನ ಪ್ರೀತಿಯೂ ನಿಜ. ಕೆ.ಎಸ್. ಅಶ್ವಥ್ ಅವರ ಮುಖ ನೋಡಿದರೆ ಸಾಕು, ನಂಬಿಕೆ ಬರುತ್ತದೆ. ಆದರೆ ಅವರು ಮಾಡಿದ್ದು, ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಜಾಮೀನು ಹಾಕಿದ್ದು. ನೀನು ಬಿಟ್ಟುಕೊಟ್ಟರೆ ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂಬ ಜಾಮೀನು. ಬೇರೆಯವರ ಸಾಲಕ್ಕೆ ಕೊಟ್ಟ ಜಾಮೀನು ಮೊದಮೊದಲು ಸಾಲದ ಪಟ್ಟಿಯಲ್ಲಿ ಕಾಣುವುದಿಲ್ಲ. ಬ್ಯಾಲೆನ್ಸ್ ಶೀಟಿನ ಕೆಳಗೆ ಟಿಪ್ಪಣಿಯಾಗಿ ಬಿದ್ದಿರುತ್ತದೆ. ಸಾಲ ತೆಗೆದವನು ಕೈಯೆತ್ತಿದ ದಿನ ಅದು ಮೇಲೆದ್ದು ಬರುತ್ತದೆ. ಹೋಟೆಲಿನ ಆ ದೃಶ್ಯ ಮೇಷ್ಟ್ರ ಜಾಮೀನು ಮೇಲೆದ್ದು ಬಂದ ದೃಶ್ಯ.

ಮುಂದೆ ರಾಮಾಚಾರಿ ಮಾರ್ಗರೆಟ್‌ಳನ್ನು ಮೆಚ್ಚಿದಾಗ ಮೇಷ್ಟ್ರು ಮತ್ತೆ ಅಡ್ಡ ಬರುತ್ತಾರೆ. ಬೆಟ್ಟದ ಮೇಲೆ ಗುರು ಶಿಷ್ಯರು ಎದುರುಬದುರಾಗುತ್ತಾರೆ. ಅಲಮೇಲುವಿಗೆ ಏನಾಯಿತೆಂಬುದು ಆಗ ಮೇಷ್ಟ್ರ ಮೇಲಿನ ಆರೋಪವಾಗುತ್ತದೆ. ಆವೇಶದಲ್ಲಿ ಶಿಷ್ಯನ ಕೈ ತಾಗಿ ಮೇಷ್ಟ್ರು ಕೆಳಗುರುಳುತ್ತಾರೆ. ಆ ಪಾಪ ಹೊರಲಾರದೆ ರಾಮಾಚಾರಿಯೂ ಮಾರ್ಗರೆಟ್‌ಳೊಡನೆ ಅಲ್ಲಿಂದಲೇ ಹಾರುತ್ತಾನೆ. ನಾವು ಅಳುತ್ತೇವೆ. ಅಳುತ್ತಲೇ ಇಬ್ಬರನ್ನೂ ಕ್ಷಮಿಸಿಬಿಡುತ್ತೇವೆ.

ನನ್ನ ತಕರಾರು ಇರುವುದು ಈ ಕ್ಷಮೆಯ ಬಗ್ಗೆ. ಅದನ್ನು ಕೊಡಲು ನಾವು ಯಾರು? ನೊಂದವಳು ಅಲಮೇಲು. ಬೆಟ್ಟದ ಮೇಲಿನ ಆ ಲೆಕ್ಕ ತೀರಿಸುವ ಸಭೆಯಲ್ಲಿ ಅವಳೇ ಇಲ್ಲ. ಅವಳ ಹೆಸರು ಮಾತ್ರ ಇದೆ, ಅದೂ ಗುರುವನ್ನು ಚುಚ್ಚುವ ಆಯುಧವಾಗಿ. ಮೊದಲು ಅವಳ ಬದುಕನ್ನು ಗಂಡಸರೇ ಕೂತು ತೀರ್ಮಾನಿಸಿದರು. ಕೊನೆಗೆ ಅವಳ ದುಃಖವನ್ನೂ ಗಂಡಸರೇ ತಮ್ಮತಮ್ಮಲ್ಲಿ ಹಂಚಿಕೊಂಡರು.

ಪುಟ್ಟಣ್ಣನವರಿಗೆ ಇದು ತಿಳಿಯದ್ದೇನಲ್ಲ. ಅದಕ್ಕೆ ಸ್ವಲ್ಪ ಮೊದಲು ತ್ರಿವೇಣಿಯವರ ಕಾದಂಬರಿಯಿಂದ ‘ಶರಪಂಜರ’ ತೆಗೆದವರು ಅವರೇ. ಅಲ್ಲಿ ಕಾವೇರಿಯ ಹಳೆಯ ತಪ್ಪನ್ನು ಮನ್ನಿಸದ ಗಂಡ, ತಾನು ಮಾತ್ರ ಇನ್ನೊಬ್ಬಳ ಸಂಗ ಮಾಡುತ್ತಾನೆ. ಆ ಚಿತ್ರದ ಕ್ಯಾಮೆರಾ ಕಾವೇರಿಯನ್ನು ಬಿಟ್ಟು ಕದಲುವುದಿಲ್ಲ. ಕಲ್ಪನಾ ಅವರ ಕಣ್ಣಿನಿಂದಲೇ ನಾವು ಆ ಮನೆಯನ್ನು ನೋಡುತ್ತೇವೆ. ಅಲ್ಲಿ ಯಾರಿಗೂ ಕ್ಷಮೆ ಸಿಗುವುದಿಲ್ಲ, ಹಾಗಾಗಿ ನಮಗೂ ಸಮಾಧಾನ ಸಿಗುವುದಿಲ್ಲ. ‘ನಾಗರಹಾವು’ ನಮಗೆ ಸಮಾಧಾನ ಕೊಟ್ಟು ಕಳಿಸುತ್ತದೆ. ಪುಟ್ಟಣ್ಣನವರು ನಾಗರಹಾವನ್ನು ಕೇರೆಹಾವು ಮಾಡಿದರೆಂದು ತ.ರಾ.ಸು. ಬೇಸರಪಟ್ಟುಕೊಂಡರೆಂಬ ಮಾತು ಪ್ರಸಿದ್ಧವಾಗಿದೆ. ಅವರು ಯಾವ ಅರ್ಥದಲ್ಲಿ ಹೇಳಿದ್ದರೂ, ನನ್ನ ಮಟ್ಟಿಗೆ ಹಾವಿನ ಹಲ್ಲು ಕಿತ್ತದ್ದು ಈ ಸಮಾಧಾನವೇ. ಹಾಗಿದ್ದೂ ಆರತಿಯವರ ಆ ಹೋಟೆಲಿನ ದೃಶ್ಯವನ್ನು ಅವರು ಚಿತ್ರದಲ್ಲಿಟ್ಟರಲ್ಲ, ಅದೊಂದು ಮುಳ್ಳು ಉಳಿದುಕೊಂಡಿದೆ. 50 ವರ್ಷ ಕಳೆದರೂ ಅಡುಗೆಮನೆಯಿಂದ ಬಂದ ಒಬ್ಬರು ಆ ಪ್ರಶ್ನೆ ಕೇಳುವುದಕ್ಕೆ ಅದೇ ಕಾರಣ.

ಆಡಿಟ್‌ನಲ್ಲಿ ಒಂದು ಪದ್ಧತಿ ಇದೆ. ಕಂಪನಿ ತಾನು ಇಂಥವರಿಗೆ ಇಷ್ಟು ಕೊಡಬೇಕೆಂದು ಬರೆದುಕೊಂಡಿದ್ದರೆ ಅಷ್ಟಕ್ಕೇ ನಂಬುವಂತಿಲ್ಲ. ಕೊಡಬೇಕಾದವರಿಗೇ ಪತ್ರ ಬರೆದು, ನಿಮ್ಮ ಪುಸ್ತಕದ ಪ್ರಕಾರ ಎಷ್ಟು ಬರಬೇಕು ಎಂದು ಕೇಳುತ್ತೇವೆ. ಉತ್ತರ ನೇರ ನಮಗೇ ಬರಬೇಕು. ಪಶ್ಚಾತ್ತಾಪ ನಮ್ಮ ಪುಸ್ತಕದ ಅಂಕಿ. ಎಷ್ಟು ದೊಡ್ಡದಾಗಿ ಬರೆದುಕೊಂಡರೂ ಅದು ನಮ್ಮದೇ ಕೈಬರಹ. ಕ್ಷಮೆ ಇರುವುದು ಎದುರಿನವರ ಪುಸ್ತಕದಲ್ಲಿ.

ಇದನ್ನು ಇಷ್ಟು ಖಚಿತವಾಗಿ ಹೇಳುತ್ತಿರುವ ನಾನು ಎಂದೂ ಅಂಥ ಪತ್ರ ಬರೆದವನಲ್ಲ. 2008ರಲ್ಲಿ, ನಾನು ಕತಾರಿಗೆ ಬಂದ ಎರಡನೇ ವರ್ಷ, ನನ್ನ ತಂಗಿ ತನ್ನ ಜೊತೆ ಓದಿದ ಹುಡುಗನನ್ನು ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದಳು. ಜಾತಿ ಬೇರೆ. “ನೀನು ಹೇಳಿದ್ರೆ ಕೇಳ್ತಾಳೆ” ಎಂದು ಅಪ್ಪ ಫೋನ್ ಮಾಡಿದರು. ನಾನು ಹೇಳಿದೆ. ಅಪ್ಪನ ಕಷ್ಟ ಹೇಳಿದೆ, ಅಮ್ಮನ ಬಿ.ಪಿ. ಹೇಳಿದೆ, ಕೊನೆಗೆ “ನೀನು ಚೆನ್ನಾಗಿರ್ತೀಯ, ನಾನಿದೀನಲ್ಲ” ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ “ಆಯ್ತಣ್ಣ” ಅಂದಳು.

ಅಲಮೇಲುವಿನ ಗತಿ ಅವಳಿಗೆ ಬರಲಿಲ್ಲ. ಗಂಡ ಕೆಟ್ಟವನಲ್ಲ, ಮಕ್ಕಳು ಚೆನ್ನಾಗಿ ಓದುತ್ತಿದ್ದಾರೆ. ಆದರೆ ಮೊದಲು ಸಣ್ಣದಕ್ಕೂ ನನ್ನೊಡನೆ ಜಗಳಕ್ಕೆ ಬರುತ್ತಿದ್ದವಳು ಆಮೇಲೆ ಒಂದು ದಿನವೂ ಬರಲಿಲ್ಲ. ಏನು ಹೇಳಿದರೂ “ಆಯ್ತಣ್ಣ.” ನನಗೆ ಅಳುಕಿತ್ತು. ಅದನ್ನು ಹೆಂಡತಿಯೊಡನೆ ಹೇಳಿಕೊಂಡಿದ್ದೆ, ಒಮ್ಮೆ ಅಪ್ಪನೊಡನೆಯೂ. “ಎಲ್ಲ ಒಳ್ಳೇದೇ ಆಯ್ತಲ್ಲೋ” ಎಂದು ಅವರು ಸಮಾಧಾನ ಹೇಳಿದ್ದರು. ತಂಗಿಯೊಡನೆ ಮಾತ್ರ ಆ ಮಾತೆತ್ತಿರಲಿಲ್ಲ.

ಆ ಶುಕ್ರವಾರ ರಾತ್ರಿ ಮನೆಗೆ ಬಂದು ಅವಳಿಗೆ ಫೋನ್ ಮಾಡಿದೆ. ತಡವರಿಸುತ್ತಲೇ ಹೇಳಿದೆ. “ಈಗ್ಯಾಕಣ್ಣ ಅದೆಲ್ಲ? ಊಟ ಆಯ್ತಾ?” ಅಂದಳು. ಇಷ್ಟೇ ಎಂದುಕೊಂಡು ಫೋನ್ ಇಡುವುದರಲ್ಲಿದ್ದೆ. ಆಗ ಅವಳ ದನಿ ಬದಲಾಯಿತು. “ಅವತ್ತು ನೀನು ನನ್ನನ್ನ ಏನೂ ಕೇಳ್ಲಿಲ್ಲ, ಗೊತ್ತಾ? ಬರೀ ಹೇಳ್ದೆ” ಅಂದಳು. ಮತ್ತೂ ಅಂದಳು. ಒಂದು ಗಂಟೆಗೂ ಮಿಕ್ಕಿ ಅಂದಳು. 17 ವರ್ಷದ ಮೇಲೆ ತಂಗಿ ನನ್ನೊಡನೆ ಜಗಳಕ್ಕೆ ಬಂದಿದ್ದಳು. ನಾನು ಸುಮ್ಮನೆ ಕೇಳಿಸಿಕೊಂಡೆ.