ಮೊಬೈಲಲ್ಲಿ ಬರ್ತಿದೆ, ಅಷ್ಟು ಸಾಕೇ?

"ಆಯ್ತು ಸರ್, ಮೊಬೈಲಲ್ಲಿ ಬರ್ತಿದೆ ನೋಡಿ" ಎಂದು ಕ್ಯಾಮೆರಾ ಹಾಕಲು ಬಂದ ಹುಡುಗ ಹೇಳಿದನೆಂದರೆ ನಮ್ಮ ಮನೆಗಳಲ್ಲಿ ಕೆಲಸ ಮುಗಿದಂತೆಯೇ ಲೆಕ್ಕ. ಮನೆಯವರೆಲ್ಲ ಫೋನಿನ ಸುತ್ತ ಮುಗಿಬೀಳುತ್ತಾರೆ. ಒಬ್ಬರು ಗೇಟಿನ ತನಕ ಹೋಗಿ ಕೈಬೀಸಿ ಬರುತ್ತಾರೆ. ಹುಡುಗ ಏಣಿ ಮಡಚಿ, ದುಡ್ಡು ಎಣಿಸಿಕೊಂಡು, ಮುಂದಿನ ಮನೆಗೆ ಹೊರಡುತ್ತಾನೆ.

ವಿಮರ್ಶೆ ಆಗಬೇಕಾದ್ದು ಈ ಅರ್ಧ ದಿನದ ಕೆಲಸದ್ದು. ಕ್ಯಾಮೆರಾ ಎಂಬ ವಸ್ತುವಿನ ಮೇಲೆ ನನಗೆ ಹೆಚ್ಚಿನ ತಕರಾರಿಲ್ಲ. ಎರಡು ಮೂರು ಸಾವಿರಕ್ಕೆ ಸಿಗುವ ವೈಫೈ ಕ್ಯಾಮೆರಾ ಈಗ ಕತ್ತಲಲ್ಲೂ ನೋಡುತ್ತದೆ, ಮಾತು ಕೇಳಿಸಿಕೊಳ್ಳುತ್ತದೆ, ಬಂದದ್ದು ಮನುಷ್ಯನೋ ನಾಯಿಯೋ ಎಂದು ತಕ್ಕಮಟ್ಟಿಗೆ ಹೇಳುತ್ತದೆ. ಅದನ್ನು ಚಾಲೂ ಮಾಡುವುದೂ ಸುಲಭ. ಕ್ಯುಆರ್ ಕೋಡ್ ತೋರಿಸಿ ವೈಫೈ ಪಾಸ್‌ವರ್ಡ್ ಹಾಕಿದರೆ ಮುಗಿಯಿತು. ಹೆಚ್ಚಿನ ಅಗ್ಗದ ಕ್ಯಾಮೆರಾಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತದೆ ಎಂಬುದು ಗೊತ್ತಿಲ್ಲದವರು ಒಂದಿಷ್ಟು ಹೊತ್ತು ಒದ್ದಾಡುತ್ತಾರೆ, ಅಷ್ಟೇ. ಕಳಪೆ ಎನಿಸುವುದು ನಾವು ಅದನ್ನು ಹಾಕಿಸಿಕೊಳ್ಳುವ ರೀತಿ. ಅದು ಏನನ್ನು ನೋಡಬೇಕು, ಯಾರು ಅದರ ಮೂಲಕ ನೋಡಬಹುದು ಎಂಬ ಮಾತೇ ಆ ಅರ್ಧ ದಿನದಲ್ಲಿ ಬರುವುದಿಲ್ಲ.

ಜಾಗದ ವಿಷಯವನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಯಾವ ಬಡಾವಣೆಯಲ್ಲಿ ನಡೆದರೂ ಕ್ಯಾಮೆರಾ ಕೂತಿರುವುದು ಮೊದಲ ಮಹಡಿಯ ಸಜ್ಜಾದ ಅಂಚಿನಲ್ಲಿ, ರಸ್ತೆಯ ಉದ್ದಕ್ಕೆ ಮುಖ ಮಾಡಿ. ಎತ್ತರದಲ್ಲಿದ್ದರೆ ಕಳ್ಳರ ಕೈಗೆ ಸಿಗುವುದಿಲ್ಲ, ಜಾಸ್ತಿ ಜಾಗ ಕವರ್ ಆಗುತ್ತದೆ ಎಂಬುದು ಸಮರ್ಥನೆ. ಫೋನಿನಲ್ಲಿ ನೋಡಿದರೆ ಭರ್ಜರಿಯಾಗಿಯೇ ಕಾಣುತ್ತದೆ, ಇಡೀ ಬೀದಿ, ಎದುರು ಮನೆಯ ಕಾರು, ತಿರುವಿನ ಟ್ರಾನ್ಸ್‌ಫಾರ್ಮರ್. ಆದರೆ ಅಪರಿಚಿತನೊಬ್ಬನ ಮುಖ ಗುರುತು ಹಿಡಿಯಲು ಒಂದು ಮೀಟರ್ ಅಗಲಕ್ಕೆ ಕನಿಷ್ಠ 250 ಪಿಕ್ಸೆಲ್ ಬೇಕು ಎನ್ನುತ್ತದೆ ಈ ಕ್ಷೇತ್ರದ ಯುರೋಪಿಯನ್ ಮಾನದಂಡ. ನಮ್ಮ ಸಾಮಾನ್ಯ 1080ಪಿ ಕ್ಯಾಮೆರಾದ ಚಿತ್ರಕ್ಕೆ ಅಡ್ಡಕ್ಕೆ ಇರುವುದು 1920 ಪಿಕ್ಸೆಲ್. 2.8 ಮಿಲಿಮೀಟರ್ ಲೆನ್ಸಿನ ನೋಟ ಸುಮಾರು ನೂರು ಡಿಗ್ರಿ ಅಗಲ ಎಂದು ಹಿಡಿದು ಲೆಕ್ಕ ಹಾಕಿದರೆ, ಮೂರು ಮೀಟರಿನಾಚೆ ಹೋದ ಮನುಷ್ಯನ ಮುಖ ಈ ಅಳತೆಗೆ ನಿಲ್ಲುವುದಿಲ್ಲ. ಪರಿಚಯದವರನ್ನಾದರೆ ನಡಿಗೆ, ಮೈಕಟ್ಟು ನೋಡಿ ಇನ್ನೂ ಮೂರು ಮೀಟರ್ ಆಚೆಗೂ ಗುರುತಿಸಬಹುದು. ಅದರಾಚೆಗೆ ಕಾಣುವುದು 'ಯಾರೋ ಒಬ್ಬ'. ಎತ್ತರದಿಂದ ನೋಡಿದರೆ ಆ ಒಬ್ಬನೂ ಹೆಲ್ಮೆಟ್ಟೋ ಕೊಡೆಯೋ ಟೊಪ್ಪಿಯೋ ಆಗಿಬಿಡುತ್ತಾನೆ. ಮನೆಬಾಗಿಲಿನ ಪಕ್ಕದಲ್ಲಿ, ಆಳೆತ್ತರಕ್ಕಿಂತ ತುಸು ಮೇಲೆ, ಬಂದವರ ಮುಖಕ್ಕೆ ನೇರವಾಗಿ ಇಟ್ಟ ಒಂದೇ ಕ್ಯಾಮೆರಾ ಸಜ್ಜಾದ ನಾಲ್ಕಕ್ಕೆ ಸಮ. ಆದರೆ ಒಂದೇ ಹಾಕಿದರೆ ಅಂಗಡಿಯವನಿಗೆ ಗಿಟ್ಟುವುದಿಲ್ಲ, ನಮಗೂ ಬೀದಿ ಕಾಣುವ ಖುಷಿ ತಪ್ಪುತ್ತದೆ.

ರಾತ್ರಿಯ ಕತೆ ಬೇರೆ. ಲೆನ್ಸಿನ ಸುತ್ತ ಇರುವ ಇನ್‌ಫ್ರಾರೆಡ್ ದೀಪಗಳು ಕತ್ತಲಾದ ಕೂಡಲೇ ಹೊತ್ತಿಕೊಳ್ಳುತ್ತವೆ. ಸಜ್ಜಾಕ್ಕೋ ಗೋಡೆಗೋ ತೀರಾ ಒತ್ತಿ ಕೂರಿಸಿದ್ದರೆ ಆ ಬೆಳಕು ಹತ್ತಿರದ ಬಿಳಿ ಬಣ್ಣಕ್ಕೆ ಬಡಿದು ವಾಪಸಾಗುತ್ತದೆ, ಗೋಡೆಯ ಒಂದು ಪಟ್ಟಿ ಫಳಫಳ ಹೊಳೆದು ಗೇಟು ಕಪ್ಪಾಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಜೇಡ ಬರುತ್ತದೆ. ಕ್ಯಾಮೆರಾದ ಮೈ ಬೆಚ್ಚಗಿರುತ್ತದೆ, ಹುಳಗಳೂ ಸುತ್ತುತ್ತಿರುತ್ತವೆ, ಅದಕ್ಕೆ ಇನ್ನೇನು ಬೇಕು? ಲೆನ್ಸಿನ ಮುಂದೆಯೇ ಬಲೆ ಕಟ್ಟುತ್ತದೆ. ಹಗಲಲ್ಲಿ ಕಣ್ಣಿಗೆ ಬೀಳದ ಆ ಎಳೆ ರಾತ್ರಿ ಹಗ್ಗದಷ್ಟು ದಪ್ಪವಾಗಿ ಬೆಳ್ಳಗೆ ಕಾಣುತ್ತದೆ, ಗಾಳಿಗೆ ಅಲುಗಿದಾಗಲೆಲ್ಲ 'ಚಲನೆ ಪತ್ತೆಯಾಗಿದೆ' ಎಂದು ಫೋನು ಕೂಗುತ್ತದೆ. ಒಂದು ವಾರ ಸಹಿಸಿಕೊಂಡು ಆಮೇಲೆ ಯಜಮಾನರು ನೋಟಿಫಿಕೇಶನ್ ಬಂದ್ ಮಾಡುತ್ತಾರೆ. ಆಗಾಗ ಬಟ್ಟೆ ಕಟ್ಟಿದ ಕೋಲಿನಲ್ಲಿ ಒರೆಸಿದರೆ ತೀರುವ ಸಮಸ್ಯೆ ಇದು.

ಇಷ್ಟಾದರೂ ಕಳ್ಳತನವಾದ ದಿನ ಪೊಲೀಸರು ಬಂದು ಫೂಟೇಜ್ ಕೇಳುತ್ತಾರೆ. ಎಷ್ಟು ದಿನದ್ದು ಇದೆ ಎಂಬುದು ಆಗ ಬಯಲಾಗುತ್ತದೆ. ಸೆಕೆಂಡಿಗೆ ಎರಡು ಮೆಗಾಬಿಟ್‌ನಂತೆ ಹಗಲಿರುಳು ರೆಕಾರ್ಡ್ ಮಾಡುವ ಒಂದು ಕ್ಯಾಮೆರಾ ದಿನಕ್ಕೆ ಇಪ್ಪತ್ತೊಂದೂವರೆ ಜಿಬಿಯಷ್ಟು ತುಂಬಿಸುತ್ತದೆ. 64 ಜಿಬಿಯ ಮೆಮೊರಿ ಕಾರ್ಡು ಮೂರು ದಿನಕ್ಕೂ ಸಾಲದು, ಹಳೆಯದನ್ನು ಅಳಿಸಿ ಮೇಲೆ ಬರೆಯುತ್ತದೆ. ಮದುವೆಗೆಂದು ಊರಿಗೆ ಹೋಗಿ ಐದನೇ ದಿನ ಬೀಗ ಒಡೆದದ್ದನ್ನು ಕಂಡರೆ, ಒಡೆದ ರಾತ್ರಿ ಕಾರ್ಡಿನಲ್ಲಿ ಇರುವುದು ಅದೃಷ್ಟವಿದ್ದರೆ ಮಾತ್ರ. ಒಂದು ಟಿಬಿ ಹಾರ್ಡ್ ಡಿಸ್ಕಿಗೆ ನಾಲ್ಕು ಕ್ಯಾಮೆರಾ ಜೋಡಿಸಿದರೆ ಹನ್ನೊಂದು ದಿನ. ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ, 2017 ಜನ ಹೆಚ್ಚು ಸೇರುವ ಅಂಗಡಿ ಮುಂಗಟ್ಟುಗಳಿಗೆ 30 ದಿನದ ದಾಖಲೆ ಇಟ್ಟುಕೊಳ್ಳಲು ಹೇಳುತ್ತದೆ. ಮನೆಗೆ ಅಂಥ ಕಟ್ಟಳೆ ಇಲ್ಲ. ಇನ್ನು ಆ ಹಾರ್ಡ್ ಡಿಸ್ಕ್ ಇರುವ ಡಿವಿಆರ್ ಪೆಟ್ಟಿಗೆಯನ್ನು ಇಟ್ಟಿರುವುದು ಎಲ್ಲಿ? ಹಾಲಿನ ಟಿವಿ ಕೆಳಗೆ, ಮಿನುಗುವ ದೀಪದೊಂದಿಗೆ. ಒಳನುಗ್ಗಿದವನಿಗೆ ಒಡವೆಯ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಳ್ಳುವುದು ಕಷ್ಟವೇನಲ್ಲ.

ಸಾಕ್ಷಿ ಎಂದ ಮೇಲೆ ಹೊತ್ತು ಗೊತ್ತು ಸರಿಯಿರಬೇಕು. ಕರೆಂಟು ಹೋಗಿ ಬಂದ ಮೇಲೆ ಎಷ್ಟೋ ಕ್ಯಾಮೆರಾಗಳು ತಾರೀಕು ಮರೆತು 1970ಕ್ಕೋ 2000ಕ್ಕೋ ಹಿಂತಿರುಗುತ್ತವೆ. ಇಂಟರ್ನೆಟ್‌ನಿಂದ ತಾನಾಗಿ ಸಮಯ ಸರಿಪಡಿಸಿಕೊಳ್ಳುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲೇ ಇದೆ, ಅದನ್ನು ಒತ್ತಿದವರಿಲ್ಲ. ಯುಪಿಎಸ್ ಕೊಟ್ಟರೂ ಕ್ಯಾಮೆರಾಗೆ ಮಾತ್ರ ಕೊಟ್ಟು ರೂಟರ್ ಮರೆತಿರುತ್ತಾರೆ. ಕೊನೆಗೆ ಪೊಲೀಸರ ಕೈಗೆ ಸಿಗುವುದೇನೆಂದರೆ ಟಿವಿ ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿ ವಾಟ್ಸ್ಯಾಪ್‌ನಲ್ಲಿ ಕಳಿಸಿದ ತುಣುಕು. ಅದರಲ್ಲಿ ಕಳ್ಳನಿಗಿಂತ ಸ್ಪಷ್ಟವಾಗಿರುವುದು ಹಿನ್ನೆಲೆಯ ಫ್ಯಾನಿನ ಸದ್ದು ಮತ್ತು "ಅಲ್ಲಿ, ಅಲ್ಲಿ, ಕೆಂಪು ಶರ್ಟು" ಎಂಬ ಮನೆಯವರ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಎಲೆಕ್ಟ್ರಾನಿಕ್ ದಾಖಲೆಯ ಜೊತೆಗೆ ಪ್ರಮಾಣಪತ್ರ ಕೇಳುತ್ತದೆ, ಕಡತ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ನಮೂದಿಸಬೇಕು. ಪರದೆಯನ್ನು ಮೊಬೈಲಿಗೆ ಇಳಿಸಿದ ತುಣುಕು ತನಿಖೆಗೆ ಸುಳಿವು ಕೊಟ್ಟೀತು, ಕೋರ್ಟಿನಲ್ಲಿ ಮೂಲದ ಜಾಗಕ್ಕೆ ಬರಲಾರದು. ಮೂಲ ಕಡತವನ್ನು ಪೆನ್‌ಡ್ರೈವಿಗೆ ಇಳಿಸುವುದು ಹೇಗೆಂದು ಕ್ಯಾಮೆರಾ ಹುಡುಗ ಹೇಳಿಕೊಟ್ಟಿರುವುದಿಲ್ಲ, ನಾವೂ ಕೇಳಿರುವುದಿಲ್ಲ.

ಒಳ್ಳೆಯ ಬಳಕೆ ಇಲ್ಲವೆಂದಲ್ಲ. ಮಲೆನಾಡಿನಲ್ಲಿ ಅಡಿಕೆ ಒಣಹಾಕುವ ಅಂಗಳಗಳ ಮೇಲೆ ಈಗ ಕ್ಯಾಮೆರಾಗಳಿವೆ. ಚಪ್ಪರದ ಕಂಬಕ್ಕೆ ಒಂದು, ಅಟ್ಟದ ಮೆಟ್ಟಿಲಿಗೆ ಒಂದು. ಏನನ್ನು ಕಾಯಬೇಕು, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಯಾವ ದಾರಿಯಿಂದ ಜನ ಬರಬಹುದು ಎಂಬುದೆಲ್ಲ ಅಲ್ಲಿ ಖಚಿತ. ಅಂಗಳಕ್ಕೆ ಇಳಿಯುವ ದಾರಿ ಒಂದೋ ಎರಡೋ, ಅಲ್ಲಿ ಕ್ಯಾಮೆರಾ ಕೆಳಮಟ್ಟದಲ್ಲಿ ಇರುತ್ತದೆ. ವೈಫೈ ಮುಟ್ಟದ ತೋಟದ ಮನೆಗೆ ಸಿಮ್ ಹಾಕುವ ಕ್ಯಾಮೆರಾ, ಮೇಲೊಂದು ಸಣ್ಣ ಸೋಲಾರ್ ಹಲಗೆ. ಸಿಡಿಲಿಗೆ ಹೆದರಿ ಮಳೆಗಾಲದಲ್ಲಿ ತಂತಿ ಕಿತ್ತಿಡುವವರೂ ಇದ್ದಾರೆ. ಅದೂ ವಿವೇಕವೇ, ಉದ್ದದ ಕೇಬಲ್ಲಿನಲ್ಲಿ ಬಂದ ಸಿಡಿಲು ಕ್ಯಾಮೆರಾ ಜೊತೆ ಡಿವಿಆರ್, ರೂಟರ್ ಎಲ್ಲವನ್ನೂ ಸುಟ್ಟುಬಿಡುತ್ತದೆ. ತಂತ್ರಜ್ಞಾನದ ಭಾಷೆ ಗೊತ್ತಿಲ್ಲದ ರೈತ ಪೇಟೆಯ ಇಂಜಿನಿಯರನಿಗಿಂತ ಚೆನ್ನಾಗಿ ಕ್ಯಾಮೆರಾ ಕೂರಿಸಿದ್ದನ್ನು ನೋಡಿದ್ದೇನೆ. ಕಾರಣ ಇಷ್ಟೇ, ಅವನಿಗೆ ಕಾಯಲು ನಿರ್ದಿಷ್ಟವಾದ ಒಂದು ವಸ್ತುವಿತ್ತು.

ಈಗ ಬೀಗದ ಕೈ, ಅಂದರೆ ಪಾಸ್‌ವರ್ಡು ಮತ್ತು ಖಾತೆಯ ವಿಷಯ. ಈ ಇಡೀ ವ್ಯವಹಾರದ ಅತ್ಯಂತ ಅಲಕ್ಷಿತ ಭಾಗ ಇದು. ನೆಟ್‌ವರ್ಕ್ ಕ್ಯಾಮೆರಾ ಎಂದರೆ ಲೆನ್ಸ್ ಸಿಕ್ಕಿಸಿದ ಪುಟ್ಟ ಕಂಪ್ಯೂಟರು. ಅದು ಹಗಲಿರುಳು ಇಂಟರ್ನೆಟ್ಟಿಗೆ ತೆರೆದುಕೊಂಡಿರುತ್ತದೆ. 2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೈತ್ಯ ತಾಣಗಳು ಗಂಟೆಗಟ್ಟಲೆ ತೆರೆಯದೆ ಹೋದವು. ಅವುಗಳ ವಿಳಾಸ ಹುಡುಕಿಕೊಡುತ್ತಿದ್ದ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದ ಸೈನ್ಯದಲ್ಲಿ ಇದ್ದದ್ದು ಹೆಚ್ಚಾಗಿ ಜನರ ಮನೆಯ ಕ್ಯಾಮೆರಾ, ಡಿವಿಆರ್, ರೂಟರುಗಳು. 'ಮಿರಾಯ್' ಎಂಬ ಕುತಂತ್ರಾಂಶ ಅವುಗಳನ್ನು ವಶ ಮಾಡಿಕೊಂಡದ್ದರ ಹಿಂದೆ ದೊಡ್ಡ ವಿದ್ಯೆಯೇನೂ ಇರಲಿಲ್ಲ. ಕಾರ್ಖಾನೆಯಿಂದ ಬಂದಾಗಲೇ ಇರುವ ಬಳಕೆದಾರ ಹೆಸರು–ಪಾಸ್‌ವರ್ಡುಗಳ ಅರವತ್ತು ಚಿಲ್ಲರೆ ಜೋಡಿಗಳನ್ನು ಅದು ಒಂದೊಂದಾಗಿ ಹಾಕಿ ನೋಡುತ್ತಿತ್ತು. ಅಷ್ಟೇ ಸಾಕಾಗಿತ್ತು. ಆ ಪಾಠವನ್ನು ನಾವು ಇನ್ನೂ ಕಲಿತಿಲ್ಲ. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾಗಳ ದೃಶ್ಯಗಳು, ತಪಾಸಣೆಗೆ ಬಂದ ಹೆಂಗಸರ ದೃಶ್ಯಗಳು, ಟೆಲಿಗ್ರಾಂನಲ್ಲಿ ಮಾರಾಟಕ್ಕೆ ಬಂದದ್ದು ಬಯಲಾಯಿತು. ದುರ್ಬಲ ಪಾಸ್‌ವರ್ಡೇ ಅಲ್ಲೂ ಬಾಗಿಲು ತೆರೆದದ್ದು.

ನಮ್ಮಲ್ಲಿ ಇದಕ್ಕೆ ಇನ್ನೊಂದು ಸ್ಥಳೀಯ ರೂಪವಿದೆ. ಯಜಮಾನರಿಗೆ ಇಮೇಲ್ ಪಾಸ್‌ವರ್ಡ್ ನೆನಪಿಲ್ಲ, ಒಟಿಪಿ ಬರುವ ಫೋನು ಮಗಳ ಹತ್ತಿರ. ಹುಡುಗನಿಗೆ ಅವಸರ. "ಪರವಾಗಿಲ್ಲ ಅಂಕಲ್, ನನ್ನ ನಂಬರಲ್ಲೇ ರಿಜಿಸ್ಟರ್ ಮಾಡ್ತೀನಿ, ನಿಮಗೆ ಶೇರ್ ಕೊಡ್ತೀನಿ" ಎನ್ನುತ್ತಾನೆ. ಅಲ್ಲಿಗೆ ಆ ಕ್ಯಾಮೆರಾದ ಅಧಿಕೃತ ಮಾಲೀಕ ಅವನೇ. ಮನೆಯವರು ಅತಿಥಿಗಳು. ಅವನು ಒಳ್ಳೆಯವನೇ ಇರಬಹುದು, ಬಹುತೇಕರು ಒಳ್ಳೆಯವರೇ. ಆದರೆ ಅವನು ಅಂಗಡಿ ಬಿಟ್ಟು ಬೇರೆ ಊರಿಗೆ ಹೋದರೆ, ಫೋನು ಮಾರಿದರೆ, ಆ ಖಾತೆ ಏನಾಯಿತೆಂದು ಯಾರಿಗೂ ಗೊತ್ತಿರುವುದಿಲ್ಲ. ಹಲವು ಕಂಪನಿಗಳ ಕ್ಯಾಮೆರಾಗಳಲ್ಲಿ ರಿಸೆಟ್ ಗುಂಡಿ ಒತ್ತಿದರೂ ಹಳೆಯ ಖಾತೆಯ ಬಂಧ ಬಿಡುವುದಿಲ್ಲ. ಕ್ಯಾಮೆರಾ ಕೆಲಸಕ್ಕೆ ಅಂಕ ಕೊಡುವುದಾದರೆ ನಾನು ಚಿತ್ರದ ಗುಣಮಟ್ಟಕ್ಕಿಂತ ಮೊದಲು ಇದನ್ನು ನೋಡುತ್ತೇನೆ: ಅಡ್ಮಿನ್ ಖಾತೆ ಮನೆಯವರ ಹೆಸರಲ್ಲಿದೆಯೇ, ಪಾಸ್‌ವರ್ಡ್ ಅವರೇ ಕೂತು ಹಾಕಿದರೇ, ಕ್ಯಾಮೆರಾವನ್ನು ರೂಟರಿನ ಗೆಸ್ಟ್ ನೆಟ್‌ವರ್ಕಿಗೆ ಸೇರಿಸಿ ಮನೆಯ ಕಂಪ್ಯೂಟರುಗಳಿಂದ ದೂರ ಇಟ್ಟಿದ್ದಾರೆಯೇ?

ಕ್ಲೌಡ್ ಸುರಕ್ಷಿತ ಎಂಬ ಮಾರಾಟದ ಮಾತನ್ನೂ ಪೂರ್ತಿ ನಂಬುವಂತಿಲ್ಲ. 2024ರ ಫೆಬ್ರುವರಿಯಲ್ಲಿ ಅಮೆರಿಕದ ವೈಜ್ ಕಂಪನಿಯ ಸುಮಾರು 13,000 ಗ್ರಾಹಕರ ಆ್ಯಪ್‌ನಲ್ಲಿ ಬೇರೆ ಯಾರದೋ ಮನೆಯ ಚಿತ್ರಗಳು ಮೂಡಿದವು. ನಮ್ಮ ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಅಧಿಸೂಚನೆ ಹೊರಡಿಸಿ, ಸಿಸಿ ಕ್ಯಾಮೆರಾಗಳ ಹಾರ್ಡ್‌ವೇರ್, ತಂತ್ರಾಂಶ ಎರಡೂ ಭದ್ರತಾ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಮಾರಬಹುದು ಎಂದಿತು. 2025ರ ಏಪ್ರಿಲ್ 9ರಿಂದ ಅದು ಜಾರಿಯಲ್ಲಿದೆ. ಒಳ್ಳೆಯ ಕ್ರಮ. ಆದರೆ ಈಗಾಗಲೇ ಸಜ್ಜಾಗಳಲ್ಲಿ ಕೂತಿರುವ ಹಳೆಯ ಕ್ಯಾಮೆರಾಗಳಿಗೆ ಅದರಿಂದ ಏನೂ ಆಗುವುದಿಲ್ಲ, ಹುಡುಗ ತನ್ನ ನಂಬರಿನಲ್ಲಿ ಮಾಡಿದ ರಿಜಿಸ್ಟ್ರೇಶನ್ನಿಗೂ ಆಗುವುದಿಲ್ಲ.

ಹೀಗೆ ಹಾಕಿದ ಕ್ಯಾಮೆರಾ ವರ್ಷಕ್ಕೊಮ್ಮೆಯೂ ಕಳ್ಳನನ್ನು ನೋಡುವುದಿಲ್ಲ. ದಿನವೂ ನೋಡುವುದು ಮನೆಯವರನ್ನು. ಮಗ ಬೆಂಗಳೂರಿನಲ್ಲೋ ಡಲ್ಲಾಸಿನಲ್ಲೋ ಇರುತ್ತಾನೆ, ಊರಿನ ಮನೆಯ ಜಗಲಿಯಲ್ಲಿ, ಊಟದ ಮನೆಯಲ್ಲಿ ಕ್ಯಾಮೆರಾ ಇಡಿಸಿರುತ್ತಾನೆ. ಅಪ್ಪ ಬಚ್ಚಲ ದಾರಿಯಲ್ಲಿ ಜಾರಿ ಬಿದ್ದರೆ ಗೊತ್ತಾಗಲಿ ಎಂಬುದು ನಿಜವಾದ ಕಾಳಜಿ, ಅದನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ಆದರೆ ಗೋಡೆಯಿಂದ ಇದ್ದಕ್ಕಿದ್ದಂತೆ "ಅಮ್ಮಾ, ಹಿತ್ತಲ ಬಾಗಿಲು ಹಾಕೇ ಇಲ್ವಲ್ಲ" ಎಂಬ ದನಿ ಬಂದಾಗ ಬೆಚ್ಚುವ ಹೆಂಗಸಿನ ದಿನ ಹೇಗಿರುತ್ತದೆ? "ಯಾವಾಗ ನೋಡ್ತಿರ್ತಾನೆ ಅಂತ ಗೊತ್ತಾಗಲ್ಲ ಕಣೇ, ಮಧ್ಯಾಹ್ನ ಕಾಲು ಚಾಚಿ ಮಲಗಕ್ಕೂ ಒಂಥರಾ" ಎಂದು ನೆರೆಯಾಕೆಯ ಹತ್ತಿರ ಹೇಳಿಕೊಳ್ಳುತ್ತಾಳೆ, ಮಗನ ಹತ್ತಿರ ಹೇಳುವುದಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವಳಿಗಂತೂ ಕ್ಯಾಮೆರಾ ಇದೆ ಎಂದಷ್ಟೇ ಗೊತ್ತು. ಅದು ಮಾತನ್ನೂ ರೆಕಾರ್ಡ್ ಮಾಡುತ್ತದೆ ಎಂದು ಯಾರೂ ಹೇಳಿರುವುದಿಲ್ಲ.

ಮನೆಯೊಳಗೂ ಖಾಸಗಿತನವಿದೆ ಎಂಬುದನ್ನು ಕೋರ್ಟೇ ಹೇಳಬೇಕಾಯಿತು. ಒಂದೇ ಮನೆಯಲ್ಲಿ ವಾಸವಿದ್ದ ಅಣ್ಣತಮ್ಮಂದಿರ ಜಗಳದಲ್ಲಿ ಕಲ್ಕತ್ತಾ ಹೈಕೋರ್ಟ್, ಜೊತೆಗಿರುವವರ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ಹಾಕುವುದು ಅವರ ಖಾಸಗಿತನದ ಹಕ್ಕಿನ ಉಲ್ಲಂಘನೆ ಎಂದಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಆ ತೀರ್ಪಿನ ಬೇರು, ಖಾಸಗಿತನವನ್ನು ಮೂಲಭೂತ ಹಕ್ಕೆಂದ ಸುಪ್ರೀಂ ಕೋರ್ಟಿನ 2017ರ ಆಗಸ್ಟ್ 24ರ ಒಂಬತ್ತು ನ್ಯಾಯಮೂರ್ತಿಗಳ ತೀರ್ಪಿನಲ್ಲಿದೆ. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಪಕ್ಕದ ಮನೆಯವರ ಪಾಡು ಇದಕ್ಕಿಂತ ಕಷ್ಟದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬ ಸ್ವಂತಕ್ಕೆ ಅಥವಾ ಮನೆ ಬಳಕೆಗೆ ಇಟ್ಟುಕೊಂಡ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಎದುರು ಮನೆಯ ಕ್ಯಾಮೆರಾ ನಿಮ್ಮ ಬಾಲ್ಕನಿಯಲ್ಲಿ ಒಣಗುವ ಬಟ್ಟೆಯನ್ನು ದಿನವಿಡೀ ನೋಡುತ್ತಿದ್ದರೆ ಈ ಕಾಯ್ದೆ ಹಿಡಿದು ಹೋಗುವುದು ಸುಲಭವಲ್ಲ. ಆದರೆ ಆ ಕ್ಯಾಮೆರಾದ ಮೆನುವಿನಲ್ಲೇ, ಪಿಕ್ಚರ್ ಸೆಟ್ಟಿಂಗಿನ ಹತ್ತಿರ, ಸಾಮಾನ್ಯವಾಗಿ 'ಪ್ರೈವೆಸಿ ಮಾಸ್ಕ್' ಎಂಬ ಒಂದು ಸಾಲಿರುತ್ತದೆ. ಪರದೆಯ ಮೇಲೆ ಬೆರಳಿನಿಂದ ಚೌಕ ಎಳೆದರೆ ಅಷ್ಟು ಭಾಗ ಕಪ್ಪಾಗುತ್ತದೆ, ರೆಕಾರ್ಡಿಂಗಿನಲ್ಲೂ ಬರುವುದಿಲ್ಲ. ಎರಡು ನಿಮಿಷದ ಕೆಲಸ. ಮೈಕ್ ಆಫ್ ಮಾಡುವ ಗುಂಡಿ ಅದರ ಆಸುಪಾಸಿನಲ್ಲೇ ಇರುತ್ತದೆ. ಏಣಿ ಮಡಚುವ ಮೊದಲು ಈ ಎರಡನ್ನು ಮಾಡಿಸಿಕೊಳ್ಳುವ ಮನೆ ಅಪರೂಪ. ಕೇಳಿದರೆ ಮಾತ್ರ ಆ ಹುಡುಗ ಇಲ್ಲವೆನ್ನುವುದಿಲ್ಲ, ಅವನಿಗೆ ಆ ಮೆನು ಬಾಯಿಪಾಠ.